ಬಂಡೆಯ ಮೇಲೆ ಊರಿದ ಕಾಲು

ಗೋಪಾಲಮ್ಮ ಅವನನ್ನು ಮೊದಲ ಸಲ ಕಂಡಾಗ ಕುಡುಕನೆಂದುಕೊಂಡಳು.

ಯಲಹಂಕದ ಮಿಡ್ಲ್ ಸ್ಕೂಲಿನ ಹಿಂದೆ ಒಂದು ದೊಡ್ಡ ಬಂಡೆ. ಅದರ ಇಳಿಜಾರಿನಲ್ಲಿ ಒಬ್ಬ ಮನುಷ್ಯ ಮೋಟಾರ್ ಸೈಕಲ್ಲಿನ ಮೇಲೆ ಎದ್ದು ನಿಂತಿದ್ದ. ಗಾಡಿ ಮುಂದಕ್ಕೂ ಹೋಗುತ್ತಿರಲಿಲ್ಲ, ಹಿಂದಕ್ಕೂ ಬರುತ್ತಿರಲಿಲ್ಲ. ಅವನು ಅದನ್ನು ರಮಿಸುತ್ತಿದ್ದ. "ಬಾರವ್ವ, ಇನ್ನೊಂಚೂರು. ನನ್ ತಾಯಿ ಅಲ್ವಾ ನೀನು?" ಆರನೇ ಕ್ಲಾಸಿನ ಮಕ್ಕಳೆಲ್ಲ ಕಿಟಕಿಗೆ ಅಂಟಿಕೊಂಡಿದ್ದರು. ಭಿನ್ನರಾಶಿಯ ಲೆಕ್ಕ ಬೋರ್ಡಿನ ಮೇಲೆ ಅರ್ಧಕ್ಕೇ ನಿಂತಿತ್ತು.

ಗೋಪಾಲಮ್ಮ ಸೀಮೆಸುಣ್ಣ ಹಿಡಿದುಕೊಂಡೇ ಹೊರಗೆ ಬಂದಳು.

"ರೀ! ಕುಡಿದು ಬಂದು ಸ್ಕೂಲ್ ಹತ್ರ ಏನ್ರೀ ಗಲಾಟೆ ನಿಮ್ದು?"

ಅವನು ಬೆಚ್ಚಿ ಕಾಲು ಊರಿದ. ಎಂಜಿನ್ ಕೆಮ್ಮಿ ನಿಂತಿತು.

"ಕಾಲೂರಿಸ್‌ಬಿಟ್ರಲ್ಲ ಟೀಚರಮ್ಮ! ಇನ್ನೊಂದ್ ಗಳಿಗೆ ಸುಮ್ನಿದ್ದಿದ್ರೆ ಮೇಲೇರ್ತಿದ್ದೆ."

"ಕುಡಿದೋರೆಲ್ಲ ಹಿಂಗೇ ಹೇಳೋದು."

"ಕುಡಿದಿಲ್ಲ. ಬೇಕಾದ್ರೆ ನೋಡಿ" ಎಂದು ಇಳಿದು ಬಂದವನು ಅವಳ ಮುಖದ ಹತ್ತಿರ ಉಸಿರು ಬಿಟ್ಟ. ಹಸಿ ಕಡಲೆಕಾಯಿಯ ವಾಸನೆ. ಏನು ಮಾಡಿದೆನೆಂದು ಅವನಿಗೆ ಆಮೇಲೆ ಹೊಳೆಯಿತು. ಕಿವಿ ಕೆಂಪಾಗಿ ಹಿಂದೆ ಸರಿದ. ನರೆತ ಮೀಸೆಯ ಗಂಡಸು ಹಾಗೆ ನಾಚಿಕೊಂಡದ್ದನ್ನು ಗೋಪಾಲಮ್ಮ ಅದುವರೆಗೆ ನೋಡಿರಲಿಲ್ಲ. ನಗು ಬಂತು. ಮಕ್ಕಳು ನೋಡುತ್ತಿದ್ದರೆಂದು ನುಂಗಿಕೊಂಡಳು.

ಅವನ ಹೆಸರು ಮುನಿಗಂಗಪ್ಪ, ಅಮೃತಹಳ್ಳಿಯವನು. ಬರ್ಮಾದ ಯುದ್ಧದಲ್ಲಿ ಸೈನ್ಯದ ಸಂದೇಶಗಳನ್ನು ಮೋಟಾರ್ ಸೈಕಲ್ಲಿನ ಮೇಲೆ ಒಯ್ಯುತ್ತಿದ್ದ. ಪಕ್ಕದಲ್ಲೇ ಸಿಡಿದ ಒಂದು ಗುಂಡು ಎಡಗಿವಿಯ ಕೇಳುವ ಶಕ್ತಿಯನ್ನು ಕಿತ್ತುಕೊಂಡಿತು. ಊರಿಗೆ ಮರಳಿದ ಮೇಲೆ ತಾಯಿಯ ಕಾಯಿಲೆ ನೋಡಿಕೊಳ್ಳುವುದರಲ್ಲಿ ವರ್ಷಗಳು ಹೋದವು. ಮದುವೆಯ ಮಾತು ಹಾಗೇ ಉಳಿಯಿತು. ಈಗ ಹೆಬ್ಬಾಳದ ಒಂದು ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದ. ಭಾನುವಾರ ಬಂತೆಂದರೆ, ನಡುವೆ ರಜೆ ಸಿಕ್ಕಿತೆಂದರೆ, ಬಂಡೆ ಹುಡುಕಿಕೊಂಡು ಹೊರಡುತ್ತಿದ್ದ.

"ಇದು ರೇಸ್ ಅಲ್ಲ" ಎಂದು ಅವಳಿಗೆ ವಿವರಿಸಿದ. "ಇದಕ್ಕೆ ಟ್ರಯಲ್ಸ್ ಅಂತಾರೆ. ಎಷ್ಟ್ ಜೋರಾಗಿ ಓಡಿಸಿದ್ರಿ ಅಂತ ಯಾರೂ ಕೇಳಲ್ಲ. ಬಂಡೆ, ಕೊರಕಲು, ಕೆಸರು, ಎಲ್ಲಾ ದಾಟ್ಬೇಕು. ಕಾಲು ನೆಲಕ್ಕೆ ತಾಗಬಾರದು. ತಾಗಿದ್ರೆ ಒಂದ್ ಪಾಯಿಂಟ್ ದಂಡ. ಯಾರ್‌ದು ಕಮ್ಮಿಯೋ ಅವರು ಗೆದ್ದಂಗೆ."

"ಬಿದ್ರೆ?"

"ಬಿದ್ರೆ ಐದು. ನಗೋರು ನಕ್ರೆ ಅದಕ್ಕೆ ಪಾಯಿಂಟ್ ಇಲ್ಲ."

ಅವಳು ನಕ್ಕಳು.

1964ರ ಮಳೆ ಮುಗಿದಿತ್ತು. ಹೊಲಗಳಲ್ಲಿ ಅವರೆ ಹೂ ಬಿಟ್ಟಿತ್ತು. ಹದಿನೇಳಕ್ಕೆ ಮದುವೆಯಾಗಿ ಇಪ್ಪತ್ತಕ್ಕೆ ವಿಧವೆಯಾದ ಗೋಪಾಲಮ್ಮನಿಗೆ ಆಗ ಮೂವತ್ತೇಳು. ಅಣ್ಣ ಪಿಳ್ಳಪ್ಪ ಅವಳನ್ನು ಓದಿಸಿದ್ದ, ಟ್ರೈನಿಂಗ್ ಮಾಡಿಸಿದ್ದ. ಅವನ ಮನೆಯ ಹಿಂದಿನ ಕೋಣೆಯೇ ಅವಳ ಲೋಕ. ಅಲ್ಲಿ ಈಗ ಭಾನುವಾರಗಳು ಬೇರೆ ಬಣ್ಣದವಾದವು.

ಅವಳು ಅವರೆಕಾಯಿ ಬಿಡಿಸುತ್ತ ಬಂಡೆಯ ಬುಡದಲ್ಲಿ ಕೂರುವಳು. ಅವನು ಬಂಡೆಯ ಮೇಲೆ ಬೀಳುವನು, ಏಳುವನು, ಎದ್ದ ಕೂಡಲೇ ಮೊದಲು ಅವಳತ್ತ ನೋಡುವನು. ಅವಳು ಕಾಯಿಯಲ್ಲೇ ಕಣ್ಣಿಟ್ಟು, ತುಟಿಯ ಅಂಚಿನಲ್ಲಿ ಮಾತ್ರ ನೋಡಿದೆನೆಂದು ತೋರಿಸುವಳು.

ಒಂದು ಸಂಜೆ ಅವನ ಎಡಪಕ್ಕಕ್ಕೆ ಕೂತು, ಬಲು ಮೆಲ್ಲಗೆ ಅಂದಳು: "ನೀವಂದ್ರೆ ನನಗೆ ಇಷ್ಟ."

ಅವನು ತಿರುಗಲಿಲ್ಲ. ಚೈನಿಗೆ ಗ್ರೀಸ್ ಹಚ್ಚುತ್ತಲೇ ಇದ್ದ. ಅವಳ ಎದೆ ಹಗುರಾಯಿತು. ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು.

"ಟೀಚರಮ್ಮ" ಎಂದ ಸ್ವಲ್ಪ ಹೊತ್ತಿನ ಮೇಲೆ. "ಗುಂಡು ಸಿಡಿದಿದ್ದಕ್ಕೆ ಆ ಕಿವಿ ಮುಕ್ಕಾಲು ಹೋಗಿದೆ. ಕಾಲು ಭಾಗ ಇನ್ನೂ ಇದೆ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಆ ಸೆರಗನ್ನು ಮುಟ್ಟಲಾಗದೆ, ಹತ್ತಿರದ ಗಾಳಿಯನ್ನಷ್ಟೇ ಮುಟ್ಟಿ ಕೈ ಹಿಂದೆ ತೆಗೆದ.

ಆದರೆ ಊರಿನಲ್ಲಿ ಅದು ನಡೆಯುವ ಮಾತಲ್ಲ. ಪಿಳ್ಳಪ್ಪನ ಮಗಳಿಗೆ ರಾಜಾನುಕುಂಟೆಯ ಗಂಡು ಗೊತ್ತಾಗಿತ್ತು. ಮನೆಯ ವಿಧವೆ ಇನ್ನೊಬ್ಬನ ಕೈ ಹಿಡಿದರೆ ಆ ಸಂಬಂಧ ಮುರಿದಂತೆಯೇ. ಮುನಿಗಂಗಪ್ಪ ಒಂದು ದಾರಿ ಹುಡುಕಿದ್ದ. ಜನವರಿಯಲ್ಲಿ ಅಖಿಲ ಭಾರತ ಟ್ರಯಲ್ಸ್ ಚಾಂಪಿಯನ್‌ಶಿಪ್ ರಾಜಾನುಕುಂಟೆಯಾಚೆಯ ಬಂಡೆಗುಡ್ಡದಲ್ಲಿ ನಡೆಯಲಿತ್ತು. ಗೆದ್ದವನಿಗೆ ಪುಣೆಯ ಕಡೆಯ ಹೊಸ ಸವಾರಿ ಶಾಲೆಯಲ್ಲಿ ಕಲಿಸುವ ಕೆಲಸ, ಇರಲು ಕ್ವಾರ್ಟರ್ಸ್.

"ಮದುವೆ ಮುಗೀಲಿ. ನಿಮ್ಮಣ್ಣನ ಮಗಳು ಗಂಡನ ಮನೆ ಸೇರ್ಲಿ. ಆಮೇಲೆ ನಾವು ಓಗಾಣ. ಅಲ್ಲಿ ನಾವ್ಯಾರು ಅಂತ ಯಾರಿಗ್ ಗೊತ್ತು?"

"ಗೆಲ್ಲದೆ ಇದ್ರೆ?"

"ಮುಂದಿನ ವರ್ಷ ನಲವತ್ತೈದು ದಾಟಿದೋರನ್ನ ಸೇರಿಸ್ಕೊಳ್ಳಲ್ವಂತೆ. ಗೆಲ್ಲಲೇಬೇಕು."

ಸ್ಪರ್ಧೆಯ ಒಂದೊಂದು ಜಾಗದಲ್ಲೂ ಕಾಲು ಊರಿದ್ದನ್ನು ಗಮನಿಸಲು ಒಬ್ಬೊಬ್ಬರು ಬೇಕಿತ್ತು. ಕ್ಲಬ್ಬಿನವರು ಸ್ಕೂಲಿಗೆ ಬಂದು ಮೇಷ್ಟರುಗಳನ್ನು ಕೇಳಿದರು. ಹೆಡ್‌ಮಾಸ್ಟರ್ ನರಸಿಂಹಯ್ಯನವರು ಗೋಪಾಲಮ್ಮನ ಹೆಸರನ್ನೂ ಕೊಟ್ಟರು. "ನಮ್ಮ ಟೀಚರ್ ಒಂದು ಮಾರ್ಕು ಹೆಚ್ಚೂ ಹಾಕಲ್ಲ, ಕಮ್ಮಿನೂ ಹಾಕಲ್ಲ" ಎಂದು ಹೊಗಳಿದರು.

ಆ ದಿನ ಬೆಳಗಿನಿಂದಲೇ ಗುಡ್ಡದ ತುಂಬ ಜನ. ಮದ್ರಾಸಿನವರು, ಕಲ್ಕತ್ತದವರು, ಸೈನ್ಯದ ಹುಡುಗರು. ಆದರೆ ಮಧ್ಯಾಹ್ನದ ಹೊತ್ತಿಗೆ ಉಳಿದವರು ಇಬ್ಬರೇ, ಇಬ್ಬರೂ ಮುದಿಗೂಳಿಗಳು: ಮುನಿಗಂಗಪ್ಪ ಮತ್ತು ಯಶವಂತಪುರದ ಹಬೀಬುಲ್ಲಾ. ಬರ್ಮಾದಲ್ಲಿ ಒಂದೇ ಟೆಂಟಿನಲ್ಲಿ ಮಲಗಿದ ಗೆಳೆಯರು. ಹಬೀಬುಲ್ಲಾನ ಹೆಂಡತಿ ಮಲ್ಕಾ ಇಬ್ಬರಿಗೂ ಸೇರಿಸಿ ಬುತ್ತಿ ಕಟ್ಟಿ ತಂದಿದ್ದಳು.

ಗೋಪಾಲಮ್ಮನ ಪಾಲಿಗೆ ಬಂದದ್ದು ಕೊನೆಯ ಬಂಡೆ. ಅದರ ನೆತ್ತಿಗೆ ಹೋಗುವ ಸೀಳು ಎರಡು ಕಲ್ಲುಗಳ ನಡುವೆ ತಿರುಗಿ ಕೆಳಗಿನ ಜನರಿಗೆ ಮರೆಯಾಗುತ್ತಿತ್ತು. ಅಲ್ಲಿ ಕಾಣುವುದು ಅವಳಿಗೊಬ್ಬಳಿಗೇ.

ಹಬೀಬುಲ್ಲಾ ಕಾಲೂರದೆ ದಾಟಿಹೋದ. ಗೋಪಾಲಮ್ಮ "ಕ್ಲೀನ್" ಎಂದು ಕೂಗಿದಳು. ಮುನಿಗಂಗಪ್ಪ ಕೊನೆಯವನಾಗಿ ಬಂದ. ಅವನು ಅದುವರೆಗೆ ಒಂದೇ ಒಂದು ಪಾಯಿಂಟು ಮುಂದಿದ್ದ. ಇಲ್ಲಿ ಒಮ್ಮೆ ಕಾಲೂರಿದರೆ ಇಬ್ಬರೂ ಸಮ. ಸಮವಾದರೆ, ಕಾಲೂರದೆ ದಾಟಿದ ಜಾಗಗಳು ಹೆಚ್ಚಿದ್ದ ಹಬೀಬುಲ್ಲಾನೇ ಗೆದ್ದಂತೆ.

ಸೀಳಿನ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. ಬೂಟು ಬಂಡೆಗೆ ತಾಗಿತು. ತಾಗಿದ್ದಲ್ಲ, ಊರಿತು. ಅವನ ಇಡೀ ಭಾರ ಒಂದು ಕ್ಷಣ ಆ ಕಾಲಿನ ಮೇಲಿತ್ತು. ಆಮೇಲೆ ಗಾಡಿ ಸಾವರಿಸಿಕೊಂಡು ನೆತ್ತಿಯೇರಿತು.

ಅವನು ಅವಳತ್ತ ನೋಡಿದ. ಅವಳು ಅವನತ್ತ ನೋಡಿದಳು.

ಅವಳಿಗೆ ಪುಣೆ ಎಂಬ ಊರು ಗೊತ್ತಿರಲಿಲ್ಲ. ಆದರೂ ಅಲ್ಲಿಯ ಒಂದು ಅಡುಗೆಮನೆ, ಒಂದು ಕಿಟಕಿ, ಬೆಳಿಗ್ಗೆ ಕಿಕ್ ಹೊಡೆಯುವ ಗಾಡಿಯ ಸದ್ದು, ಎಲ್ಲ ಆ ಗಳಿಗೆಯಲ್ಲಿ ಕಣ್ಣ ಮುಂದೆ ಬಂದವು.

"ಕ್ಲೀನ್!" ಎಂದು ಕೂಗಿದಳು.

ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ಅವನು ಏನೋ ಹೇಳಲೆಂಬಂತೆ ಬಾಯಿ ತೆರೆದ. ಹೇಳಲಿಲ್ಲ. ಗಾಡಿ ತಿರುಗಿಸಿಕೊಂಡು ಇಳಿದುಹೋದ.

ಹಬೀಬುಲ್ಲಾನೇ ಓಡಿಬಂದು ಅವನನ್ನು ಮೊದಲು ತಬ್ಬಿಕೊಂಡ. "ಗೆದ್‌ಬಿಟ್ಟೆ ಉಸ್ತಾದ್! ಕಪ್ಪು ನಿನ್ ಮನೇಲಿದ್ರೇನು, ನನ್ ಮನೇಲಿದ್ರೇನು?" ಮಲ್ಕಾ ಬುತ್ತಿ ಬಿಚ್ಚಿದಳು. ಮುನಿಗಂಗಪ್ಪ ಹಸಿವಿಲ್ಲ ಎಂದ. ಕಪ್ ತೆಗೆದುಕೊಳ್ಳುವಾಗ ಗೋಪಾಲಮ್ಮನ ಕಡೆ ಒಮ್ಮೆಯೂ ತಿರುಗಲಿಲ್ಲ. ಜನರಿದ್ದಾರಲ್ಲ, ಅದಕ್ಕೇ ಇರಬೇಕು ಎಂದು ಅವಳು ಸಮಾಧಾನ ಮಾಡಿಕೊಂಡಳು.

ಮರುದಿನ ಬೆಳಿಗ್ಗೆ, ಅತ್ತಿಗೆ ಹಾಲು ಕಾಯಿಸುತ್ತಿದ್ದಾಗ, ಗೋಪಾಲಮ್ಮ ಅಣ್ಣನ ಮುಂದೆ ನಿಂತಳು. ಅವನ ಮಗಳ ಮದುವೆ ಮುಗಿಯುವವರೆಗೆ ಬಚ್ಚಿಟ್ಟುಕೊಳ್ಳಬೇಕೆಂದಿದ್ದ ಮಾತು ಸಂತೋಷದಲ್ಲಿ ತಡೆಯದೆ ಬಂದುಬಿಟ್ಟಿತು.

ಪಿಳ್ಳಪ್ಪ ಕೂತಲ್ಲಿಂದ ಎದ್ದ.

"ನಿನ್ನ ಓದಿಸಿದ್ದು ಇದಕ್ಕಾ ಗೋಪಾಲಿ? ಓಗೋದಾದ್ರೆ ಓಗು. ನಾನ್ ಕಾಲ್ ಕಟ್ಟಾಕಲ್ಲ. ಆದ್ರೆ ಇತ್ಲಾಗ್ ಮತ್ತೆ ಬರ್ಬ್ಯಾಡ."

ಅವಳು ಅತ್ತಳು. ಅಳುತ್ತಲೇ, ಆಗಲಿ, ನನಗೊಬ್ಬರಿದ್ದಾರೆ ಎಂದುಕೊಂಡಳು.

ಆ ವಾರವೆಲ್ಲ ಮುನಿಗಂಗಪ್ಪ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ನರಸಿಂಹಯ್ಯನವರು ಅವಳನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಅಂದಿನ ಪತ್ರಿಕೆ. ಕಪ್ಪನ್ನು ಹಬೀಬುಲ್ಲಾನ ಕೈಗೆ ಒಪ್ಪಿಸುತ್ತಿರುವ ಮುನಿಗಂಗಪ್ಪನ ಚಿತ್ರ. ಗೆದ್ದ ಮೇಲೂ ತನ್ನ ಕಾಲು ಊರಿತ್ತೆಂದು ತಾನಾಗಿ ಬಂದು ಒಪ್ಪಿಕೊಂಡ ಸವಾರನಂತೆ. ಇಂಥವರು ದೇಶಕ್ಕೆ ಬೇಕಂತೆ.

"ಕ್ಲಬ್ಬಿನ ಸೆಕ್ರೆಟರಿ ಬಂದಿದ್ರು ಕಣಮ್ಮ" ಎಂದರು ಹೆಡ್‌ಮಾಸ್ಟರು, ಮುಖ ಎತ್ತದೆ. "ಅಲ್ಲಿದ್ದ ಟೀಚರ್‌ಗೆ ಕಾಣಲಿಲ್ವಾ ಅಂತ ಅವರು ಗಂಗಪ್ಪನ್ನ ಕೇಳಿದ್ರಂತೆ. 'ನೋಡಿದ್ರು' ಅಂದನಂತೆ. ನೋಡಿದ್ರಾ?"

ಗೋಪಾಲಮ್ಮ ಗೋಡೆಗೆ ಒರಗಿದಳು.

"ನೋಡಿದೆ ಸಾರ್."

"ಯಾಕಮ್ಮಾ ಹಾಗ್ ಮಾಡಿದ್ರಿ?"

ಅವಳಿಗೆ ಉತ್ತರ ಹೇಳಬೇಕಾಗಿ ಬರಲಿಲ್ಲ. ಸಂಜೆಯ ಹೊತ್ತಿಗೆ ಊರೇ ಹೇಳಿತು. ಬಂಡೆಯ ಬುಡದ ಭಾನುವಾರಗಳನ್ನು ಅಷ್ಟು ಜನ ಎಲ್ಲೆಲ್ಲಿಂದ ನೋಡಿದ್ದರೋ! ಅಂಗಡಿಯಲ್ಲಿ, ಬಾವಿಕಟ್ಟೆಯಲ್ಲಿ ಒಂದೇ ಮಾತು: ಅವನು ಬಂಗಾರದಂಥ ಮನುಷ್ಯ, ಅವಳೇ ಕೆಡಿಸೋಕೆ ನೋಡಿದ್ದು. ರಾಜಾನುಕುಂಟೆಯ ಸಂಬಂಧ ಮುರಿಯಿತು. ಅತ್ತಿಗೆ ಅವಳ ಟ್ರಂಕನ್ನು ಜಗಲಿಗೆ ತಂದಿಟ್ಟಳು. ನರಸಿಂಹಯ್ಯನವರು ಅವಳ ಕೆಲಸ ಹೋಗದಂತೆ ನೋಡಿಕೊಂಡು, ಸೋಲದೇವನಹಳ್ಳಿಗೆ ವರ್ಗ ಮಾಡಿಸಿಕೊಟ್ಟರು.

ಹೊರಡುವ ದಿನ ಬಸ್‌ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಮುನಿಗಂಗಪ್ಪ ಬಂದ. ಗಡ್ಡ ಬೋಳಿಸಿದ್ದ. ಒಗೆದ ಅಂಗಿ ತೊಟ್ಟಿದ್ದ. ಅವನ ಮುಖ ಹಗುರವಾಗಿದ್ದುದನ್ನು ಕಂಡೇ ಅವಳಿಗೆ ಮೊದಲ ಬಾರಿಗೆ ಸಿಟ್ಟು ಬಂತು.

"ಅನ್ನ ಇಳೀತಿರಲಿಲ್ಲ ಟೀಚರಮ್ಮ. ಹಬೀಬನ ಮುಖ ನೋಡೋಕಾಗ್ತಿರಲಿಲ್ಲ. ಈಗ ಸರಿಹೋಯ್ತು. ಪುಣೆ ಕೆಲಸ ಹೋದ್ರೆ ಹೋಗ್ಲಿ. ಅಮೃತಹಳ್ಳೀಲಿ ನನ್ ಮನೆ ಇದೆ. ಬನ್ನಿ. ಮದುವೆ ಆಗಾಣ."

"ಯಾರಿಗೆ ಸರಿಹೋಯ್ತು?"

ಅವನಿಗೆ ಅರ್ಥವಾಗಲಿಲ್ಲ.

"ನಾನ್ ಸುಳ್ಳು ಹೇಳಿದ್ದು ತಪ್ಪು" ಎಂದಳು ಅವಳು. "ಆಸೆಗೆ ಬಿದ್ದು ಹೇಳಿದೆ. ಕೂಗಿದ ತಕ್ಷಣ ನೀವೂ ಸುಮ್ನಿದ್ರಿ. ಅಲ್ಲೀವರೆಗೂ ತಪ್ಪು ಇಬ್ರದ್ದೂ ಸಮ ಇತ್ತು. ಆಮೇಲೆ ನೀವೊಬ್ರೇ ಹೋಗಿ ಕೈ ತೊಳ್ಕೊಂಡು ಬಂದ್ರಿ."

"ಕಾಣಲಿಲ್ವಾ ಅಂತ ಕೇಳಿದ್ರು. ಇನ್ನೊಂದ್ ಸುಳ್ಳು ಹೇಳೋಕೆ ನಾಲಿಗೆ ಬರಲಿಲ್ಲ."

"ಸುಳ್ಳು ಹೇಳಿ ಅನ್ನಲ್ಲ ನಾನು." ಅವಳು ಅವನ ಕಡೆ ತಿರುಗಿದಳು. "ಹೋಗೋ ಮುಂಚೆ ಒಂದ್ಸಲ ನನ್ನ ಹತ್ರ ಬಂದು, 'ಗೋಪಾಲಮ್ಮ, ಇಂಗಾಗಿದೆ, ಬಾ' ಅಂದಿದ್ರೆ ನಿಮ್ ಗಾಡಿ ಹಿಂದೆ ಕೂತು ಬರ್ತಿದ್ದೆ. ನಾನೇ ಮೊದಲು ಹೇಳ್ತಿದ್ದೆ, ನಾನೇ ಸುಳ್ಳು ಹೇಳಿದ್ದು ಅಂತ. ಇಬ್ರೂ ಒಟ್ಟಿಗೆ ತಲೆ ತಗ್ಗಿಸಿ ನಿಲ್ತಿದ್ವಿ. ಆಗ ಊರು ಏನಂದ್ರೂ ನನಗೆ ನೋವಾಗ್ತಿರಲಿಲ್ಲ."

ಅವನು ನೆಲ ನೋಡುತ್ತ ನಿಂತ.

"ಅದು ನನಗೆ ಹೊಳೀಲೇ ಇಲ್ಲ."

"ಅದೇ ಗಂಗಪ್ಪನವರೇ. ಹೊಳೀಲಿಲ್ಲ."

"ನೀವಂದ್ರೆ ನನಗೆ ಪ್ರಾಣ. ಇದು ನಿಜ."

"ಗೊತ್ತು. ನನಗೂ ಅಷ್ಟೇ." ಕಣ್ಣು ತುಂಬಿದ್ದರೂ ಅವಳು ಒರೆಸಿಕೊಳ್ಳಲಿಲ್ಲ. "ಅದಕ್ಕೇ ಬರಲ್ಲ. ನಿಮ್ ಮನೇಲಿ ದಿನಾ ನಿಮ್ಮ ಒಳ್ಳೇತನದ ಮಾತು ಕೇಳ್ಕೊಂಡು ನಾನು ಕೆಟ್ಟೋಳಾಗಿ ಇರಬೇಕು. ನನ್ನ ಕೈಲಾಗಲ್ಲ."

ಹೆಸರಘಟ್ಟದ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಅವನು ಟ್ರಂಕನ್ನು ಎತ್ತಿ ಬಸ್ಸಿನ ಮೇಲಕ್ಕೆ ಹಾಕಿದ. ಇಳಿಯುವಾಗ ಅವನ ಕೈ ಕಿಟಕಿಯ ಸರಳಿನ ಮೇಲೆ, ಅವಳ ಕೈಯ ಪಕ್ಕ, ಒಂದು ಗಳಿಗೆ ನಿಂತಿತು. ಅವಳು ಕೈ ತೆಗೆಯಲಿಲ್ಲ. ಬಸ್ಸು ಹೊರಟಾಗ ಅವನೇ ತೆಗೆಯಬೇಕಾಯಿತು.

ಕಂಡಕ್ಟರ್ ಕಿಟಕಿಯಿಂದ ಬಗ್ಗಿ ಹಿಂದಕ್ಕೆ ನೋಡುತ್ತಲೇ ಅವಳ ಹತ್ತಿರ ಬಂದ.

"ಅವರೇ ಅಲ್ವೇನಮ್ಮ, ಪೇಪರಲ್ಲಿ ಬಂದಿತ್ತಲ್ಲ, ಗೆದ್ದ ಕಪ್ಪು ವಾಪಸ್ ಕೊಟ್ಟೋರು? ಎಂಥಾ ಮನುಷ್ಯ ಕಣ್ರೀ! ನಿಮಗೆ ಪರಿಚಯವಾ?"

"ಹೂಂ" ಎಂದಳು ಗೋಪಾಲಮ್ಮ. "ತುಂಬಾ ಒಳ್ಳೆಯವರು."

ಆಮೇಲೆ ಸೋಲದೇವನಹಳ್ಳಿಗೆ ಒಂದು ಟಿಕೆಟ್ ಕೇಳಿದಳು.