ನಲವತ್ತೆರಡು ಗ್ರಾಂ

೨೦೨೫ರ ಅಕ್ಟೋಬರ್ ೧೪, ಮಂಗಳವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮೊಳಕಾಲ್ಮೂರು ಪೊಲೀಸ್ ಠಾಣೆಗೆ ಬಂದ ದೂರುದಾರ ಮೇಜಿನ ಮೇಲೆ ಇಟ್ಟದ್ದು ಒಂದು ಹಿಡಿ ನರೆಗೂದಲು.

ಇನ್‌ಸ್ಪೆಕ್ಟರ್ ಶಿವಮೂರ್ತಪ್ಪ ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಅಂಗೈಯಗಲದ ತೆಳುವಾದ ಜಾಲರಿ. ಅದರ ಕಣ್ಣು ಕಣ್ಣಿಗೂ ಕೂದಲನ್ನು ಗಂಟು ಹಾಕಲಾಗಿತ್ತು.

"ಏನ್ರೀ ಇದು?"

"ಲೇಸ್ ಕ್ಲೋಷರ್ ಸಾರ್. ವಿಗ್ಗಿನ ನೆತ್ತಿಗೆ ಕೂರಿಸೋದು. ಬೈತಲೆ ತೆಗೆದ್ರೆ ನಿಜವಾದ ತಲೆ ಹಂಗೇ ಕಾಣ್ತೈತೆ."

"ಕಳುವಾಗಿದ್ದು ಇದೇನಾ?"

"ಅಲ್ಲ ಸಾರ್. ಅದನ್ನ ತಗಂಡು, ಆ ಜಾಗದಾಗೆ ಇದನ್ನ ಇಟ್ಟು ಹೋಗ್ಯಾರೆ."

ದೂರುದಾರನ ಹೆಸರು ಇಫ್ತಿಕಾರ್, ಚಳ್ಳಕೆರೆಯ ಕೂದಲು ವ್ಯಾಪಾರಿ. ಮೊಳಕಾಲ್ಮೂರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದು, ಆರು ಹೆಂಗಸರಿಂದ ಗಂಟು ಹಾಕಿಸುತ್ತಿದ್ದ. ಚೆನ್ನೈಗೆ ಕಳಿಸಿದ ಹದಿನಾಲ್ಕು ಕ್ಲೋಷರುಗಳಲ್ಲಿ ಇದೊಂದು, ಹೇಳಿದ ಉದ್ದವಿಲ್ಲವೆಂದು, ವಾಪಸು ಬಂದಿತ್ತು.

"ಬೆಲೆ ಎಷ್ಟು?"

"ಹೋದದ್ದು ಒಂಬತ್ತೂವರೆ ಸಾವಿರ. ಇದು ನಾಲ್ಕು ಸಾವಿರಕ್ಕೆ ಹೋದ್ರೆ ಪುಣ್ಯ."

"ನೋಡೋಕೆ ಎರಡೂ ಕೂದಲೇ ಅಲ್ವಾ. ಯಾಕೆ ಅಷ್ಟು ವ್ಯತ್ಯಾಸ?"

"ಜಾಲರಿ ಎಷ್ಟು ನಯ, ಗಂಟು ಎಷ್ಟು ಸಣ್ಣ, ಅದು ಒಂದು ಪಾಲು ಸಾರ್. ಒಂದೇ ತಲೇದೋ, ಹತ್ತು ತಲೆ ಬೆರಕೆಯೋ, ಅದು ಇನ್ನೊಂದು. ಎಲ್ಲಕ್ಕಿಂತ ಹೆಚ್ಚು ಉದ್ದ. ಇಂಚು ಏರಿದಂಗೆ ರೇಟು ಏರ್ತೈತೆ. ಒಂದೇ ತಲೆಯ ನರೆಗೂದ್ಲು ಹದಿನೆಂಟು ಇಂಚು ಸಿಗೋದೇ ಅಪರೂಪ. ಇದು ಬರೀ ಹನ್ನೆರಡು."

ನೌಕರರಿಂದ ಕಳವು, ಭಾರತೀಯ ನ್ಯಾಯ ಸಂಹಿತೆಯ ಕಲಂ ೩೦೬ರಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಶಿವಮೂರ್ತಪ್ಪ ಮಹಿಳಾ ಕಾನ್ಸ್‌ಟೇಬಲ್ ಕಾಂಚನಾಳೊಂದಿಗೆ ಆ ಮನೆ ತಲುಪಿದರು.

ಕಿಟಕಿಯ ಬೆಳಕಿಗೆ ಬೆನ್ನು ಬಾಗಿಸಿ ಆರು ಹೆಂಗಸರು ಕೂತಿದ್ದರು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಬೋಳುತಲೆ ಒರೆಸಿಕೊಂಡಾಗ ಒಬ್ಬಳು ಪಕ್ಕದವಳಿಗೆ, "ಸಾಹೇಬ್ರ ನೆತ್ತಿ ಅಳತೆ ತಗಳ್ಳೇ, ಪೂರಾ ವಿಗ್ಗೇ ಬೇಕಾಗ್ತೈತೆ" ಎಂದಳು. ಐವರು ನಕ್ಕರು. ಸೆರಗನ್ನು ಹಣೆವರೆಗೆ ಎಳೆದುಕೊಂಡಿದ್ದ ಮುದುಕಿಯೊಬ್ಬಳು ಮಾತ್ರ ಸೂಜಿಯಿಂದ ಕಣ್ಣೆತ್ತಲಿಲ್ಲ.

ಉಸ್ತುವಾರಿ ನೋಡಿಕೊಳ್ಳುವ ಮುಸರತ್ ಹೇಳಿಕೆ ಕೊಟ್ಟಳು.

"ಅದನ್ನ ಗಂಟು ಹಾಕಿದ್ದು ನಾಗಕ್ಕ, ಅಲ್ಲಿ ಕೂತಿದಾರಲ್ಲ ಅವರು. ಆಗಸ್ಟ್ ಕೊನೇಲಿ ಕೊಟ್ರು. ನಾನೇ ಅಳೆದೆ, ಹದಿನೆಂಟು ಇಂಚು ಇತ್ತು. ಬೀರೂಲಿ ಇಟ್ಟೆ."

"ಬೀಗ?"

"ಬೀಗದ ಕೈ ಮೊಳೆಗೆ ನೇತಾಕಿರ್ತೀವಿ. ಯಾರಾದ್ರೂ ತಗೀಬಹುದು."

"ಪಾರ್ಸೆಲ್ ಕಟ್ಟೋವಾಗ ನೋಡಲಿಲ್ವಾ?"

"ಸುರುಳಿ ಸುತ್ತಿ ಬಲೆಚೀಲದಲ್ಲಿ ಇಟ್ಟಿರ್ತೀವಿ ಸಾರ್. ಬಿಚ್ಚಲಿಲ್ಲ, ತೂಕ ಮಾತ್ರ ನೋಡಿದೆ. ಆಗಸ್ಟ್‌ನಲ್ಲೂ ನಲವತ್ತೆರಡು ಗ್ರಾಂ, ಆವತ್ತೂ ನಲವತ್ತೆರಡೇ."

ಠಾಣೆಗೆ ಮರಳಿ ಶಿವಮೂರ್ತಪ್ಪ ಕಾಗದದ ಮೇಲೆ ಎರಡು ಸಾಲು ಲೆಕ್ಕ ಹಾಕಿದರು. ಆಮೇಲೆ ಕಾಂಚನಾಳನ್ನು ಕರೆದರು.

"ಹದಿನೆಂಟು ಇಂಚಿನ ತೂಕ ಹನ್ನೆರಡು ಇಂಚಿಗೆ ಬರಬೇಕಾದ್ರೆ ಕೂದಲು ಎಷ್ಟು ಬೇಕು?"

"ಒಂದೂವರೆ ಪಟ್ಟು ಸಾರ್."

"ಎರಡು ಎಳೆ ಇರೋ ಕಡೆ ಮೂರು. ಅಂದರೆ ಕದ್ದವರು ದಿನಗಟ್ಟಲೆ ಹೆಚ್ಚು ಕೆಲಸ ಮಾಡಿದಾರೆ."

"ಮುಸರತ್ ಕಣ್ಣು ತಪ್ಪಿಸೋಕೆ ಇರಬೇಕು."

"ಕಣ್ಣು ತಪ್ಪಿಸೋಕೆ ಎರಡು ಗ್ರಾಂ ಆಚೀಚೆ ಆದರೂ ನಡೀತಿತ್ತು. ಇವರು ಒಂದು ಗ್ರಾಮೂ ಬಿಟ್ಟಿಲ್ಲ. ತೂಕ ಸರಿಹೋದರೆ ಋಣ ತೀರಿತು ಅಂತ ನಂಬಿದಾರೆ. ಈ ಊರಲ್ಲಿ ಮಾಲೀಕ ನೇಕಾರರಿಗೆ ರೇಷ್ಮೆ ಹೆಂಗೆ ಕೊಡ್ತಾನೆ?"

"ತೂಕ ಹಾಕಿ."

"ಸೀರೆ ಹೆಂಗೆ ತಗೊಳ್ತಾನೆ?"

"ತೂಕ ಹಾಕಿ." ಕಾಂಚನಾ ಹೇಳಿಕೆಯ ಹಾಳೆ ತಿರುವಿದಳು. "ಆರು ಜನದಲ್ಲಿ ಮಗ್ಗ ಬಿಟ್ಟು ಬಂದೋರು ನಾಗಕ್ಕ ಒಬ್ಬರೇ ಸಾರ್. ಒಳಗಡೆನೂ ಸೆರಗು ಜಾರೋಕೆ ಬಿಡಲಿಲ್ಲ."

ತನ್ನ ಕೈಯಿಂದ ಮಾಡಿ ಒಪ್ಪಿಸಿದ್ದನ್ನು ಅವಳೇ ಯಾಕೆ ಕದಿಯಬೇಕು ಎಂಬ ಪ್ರಶ್ನೆ ಉಳಿಯಿತು. ಆ ಕೂದಲು ಎಲ್ಲಿಂದ ಬಂತೆಂದು ಇಫ್ತಿಕಾರನ ಖರೀದಿ ಪುಸ್ತಕ ತೋರಿಸಿತು: ನನ್ನಿವಾಳ, ಒಂದು ಜಡೆ. ಅಂದು ಕ್ವಾರ್ಟರ್ಸಿನಲ್ಲಿ ಒಬ್ಬರೇ ಕೂತು ಕ್ಯಾರಿಯರ್ ಊಟ ಮುಗಿಸುವಾಗ ಶಿವಮೂರ್ತಪ್ಪನವರಿಗೆ 'ಒಂದು ಜಡೆ' ಎಂಬ ಎರಡು ಪದಗಳು ಪದೇ ಪದೇ ನೆನಪಾದವು.

ಹದಿನೈದರ ಬೆಳಿಗ್ಗೆ ಹತ್ತು ಹತ್ತಕ್ಕೆ ನನ್ನಿವಾಳ ಹಳ್ಳಿಗೆ ಹೋಗಿ ಮಾರುತೇಶ ಎಂಬವನ ಹೇಳಿಕೆ ಪಡೆದರು. ಶೇಂಗಾ ಬಿಡಿಸುತ್ತಿದ್ದವನು ಕೈ ಕೊಡವಿಕೊಂಡು ಎದ್ದ.

"ನಮ್ಮ ದೊಡ್ಡವ್ವನ ಜಡೆ ಸಾರ್. ಪಾತಮ್ಮ ಅಂತ. ಮೊಳಕಾಲ್ಮೂರಾಗೆ ಮಗ್ಗದ ಮೇಲೆ ಇದ್ಲು. ಕಾಯಿಲೆ ಜಾಸ್ತಿ ಆತು, ಇಲ್ಲಿಗೆ ಕರ್ಕಂಬಂದ್ವಿ. ತಲೆ ಬಾಚೋರಿಲ್ಲ, ಕತ್ತರಿಸಿದ್ವಿ. ಕೂದ್ಲೋರು ಬಂದಾಗ ಕೊಟ್ವಿ."

"ಏನು ಕೊಟ್ಟರು?"

ಮಾರುತೇಶ ಒಳಗೆ ಹೋಗಿ ಒಂದು ಸ್ಟೀಲ್ ಬೋಗುಣಿ ತಂದು ತೋರಿಸಿದ. ಅದರಲ್ಲಿ ಮೊಸರಿತ್ತು.

"ಪಾತಮ್ಮ ಈಗ?"

"ಜೂನ್‌ನಾಗೆ ತೀರ್ಕಂಡ್ಲು."

"ಅಲ್ಲಿ ಅವರ ಜೊತೆ ಯಾರಿದ್ರು?"

"ನಾಗಕ್ಕ ಅಂತ ಒಬ್ಬಾಕಿ. ಮೂವತ್ತು ವರ್ಷ ಇಬ್ರೂ ಒಂದೇ ಮಗ್ಗ, ಒಂದೇ ಒಲೆ. ಮಣ್ಣಿಗೆ ಹೇಳಿಕಳಿಸೋಕೆ ಆಗ್ಲಿಲ್ಲ ಸಾರ್, ಫೋನ್ ನಂಬರ್ ಇರ್ಲಿಲ್ಲ. ಏಳನೇ ದಿನ ಬಂದು ಅಂಗಳದಾಗೆ ನಿಂತ್ಲು. ನೀರು ಕೊಟ್ವಿ, ಕುಡಿಲಿಲ್ಲ."

ಅಂದೇ ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಇಬ್ಬರು ಪಂಚರೊಂದಿಗೆ ನಾಗಕ್ಕನ ಮನೆ ಬಾಗಿಲು ತಟ್ಟಿದರು. ಒಂದೇ ಅಂಕಣದ ಮನೆ. ಅದರ ಅರ್ಧ ಜಾಗವನ್ನು ಗುಂಡಿ ಮಗ್ಗವೇ ನುಂಗಿತ್ತು. ಮಗ್ಗದಲ್ಲಿ ಹಾಸಿನ ನೂಲು ಇರಲಿಲ್ಲ. ಗುಂಡಿಯ ಅಂಚಿನ ಹಲಗೆಯ ಮೇಲೆ ಇಬ್ಬರು ಕೂತು ಕೂತು ಸವೆದ ಎರಡು ತಗ್ಗುಗಳಿದ್ದವು.

"ನಾಗಕ್ಕ, ಕ್ಲೋಷರ್ ಎಲ್ಲಿದೆ?"

ಆಕೆ ಸುಳ್ಳು ಹೇಳಲಿಲ್ಲ. ಹಲಗೆಯ ಎಡಗಡೆಯ ತಗ್ಗಿನಲ್ಲಿ ಮಡಿಸಿಟ್ಟ ಬಿಳಿ ಬಟ್ಟೆಯನ್ನು ತೋರಿಸಿದಳು.

"ಪಾತಮ್ಮ ಆ ಕಡೆ ಕೂತ್ಕಂತಿದ್ಲು. ಎಡದಂಚಿನ ಲಾಳಿ ಅವಳ್ದು, ಬಲದಂಚಿಂದು ನಂದು."

"ಅವರ ಕೂದಲು ಅಂತ ಹೆಂಗೆ ಗೊತ್ತಾಯ್ತು?"

"ಜಡೆ ತುದೀಗೆ ಕೆಂಪು ರೇಷ್ಮೆ ಎಳೆ ಇತ್ತು. ಊರಿಗೆ ಹೋಗೋ ದಿನ ನಾನೇ ಕಟ್ಟಿದ್ದೆ. ಮೂಟೆ ಬಿಚ್ಚಿದ್ರೆ ಹಂಗೇ ಐತೆ."

"ಇಫ್ತಿಕಾರನ್ನ ಕೇಳಬಹುದಿತ್ತಲ್ಲ."

"ಏನಂತ ಕೇಳ್ಲಿ ಸ್ವಾಮಿ? ಆಯಪ್ಪ ಕಾಸು ಕೊಟ್ಟು ತಂದಿರೋದು. ನಾನು ಅವಳಿಗೆ ಅಕ್ಕನಾ, ತಂಗೀನಾ? ಯಾವ ಹಕ್ಕಿನ ಮ್ಯಾಲೆ ಕೇಳ್ಲಿ? ಹನ್ನೊಂದು ದಿನ ಕೂತು ಗಂಟು ಹಾಕ್ದೆ. ಕೊಟ್ಟೂ ಬಂದೆ. ಆಮ್ಯಾಕೆ ಮನೆಯಾಗೆ ಇರಾಕೆ ಆಗ್ಲಿಲ್ಲ."

"ಅದರ ಬದಲು ಇಟ್ಟದ್ದು?"

ನಾಗಕ್ಕ ಸೆರಗು ಹಿಂದಕ್ಕೆ ತಳ್ಳಿದಳು. ಕತ್ತರಿ ಆಡಿದ ತಲೆಯಲ್ಲಿ ಬಿಳಿಯ ಮೋಟುಗೂದಲು ಅಲ್ಲಲ್ಲಿ ನಿಂತಿತ್ತು. ಕಾಂಚನಾ ಮುಖ ತಿರುಗಿಸಿದಳು.

"ನಂದು ಗಿಡ್ಡ, ಎಳೆ ಜಾಸ್ತಿ ಹಾಕಿದೀನಿ. ತೂಕ ಸರಿ ಐತಲ್ಲ ಸ್ವಾಮಿ? ಆಯಪ್ಪಂಗೆ ಒಂದು ಗ್ರಾಂ ಬಾಕಿ ಇಟ್ಟಿಲ್ಲ."

"ಕೂದಲಿನ ಬೆಲೆ ತೂಕದ ಮೇಲೆ ಇಲ್ಲ ನಾಗಕ್ಕ. ಉದ್ದದ ಮೇಲೆ."

ಆಕೆ ಸೆರಗನ್ನು ಮತ್ತೆ ಹಣೆವರೆಗೆ ಎಳೆದುಕೊಂಡಳು. "ಅದು ನಂಗೆ ಯಾರೂ ಹೇಳ್ಲಿಲ್ಲ" ಎಂದಳು.

ಪಂಚನಾಮೆ ಮೂರೂವರೆಗೆ ಮುಗಿಯಿತು. ಮೂರು ನಲವತ್ತಕ್ಕೆ ಕಾಂಚನಾಳ ಮೂಲಕ ಬಂಧನ. ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂಬ ಕಾಲಂ ಬಂದಾಗ ಶಿವಮೂರ್ತಪ್ಪ ಪೆನ್ನು ಹಿಡಿದು ಕಾದರು.

"ನಿಮ್ಮೋರು ಯಾರು?"

"ಪಾತಮ್ಮ" ಎಂದು ಹೇಳಿದವಳು ತಾನೇ ತಿದ್ದಿಕೊಂಡಳು. "ಯಾರೂ ಇಲ್ಲ ಬರ್ಕಳ್ರಿ."

ಕೆಲಸಕ್ಕೆ ಸೇರಿದಂದಿನಿಂದ ಅವರು ಆ ಕಾಲಂ ಎಷ್ಟೋ ಸಲ ತುಂಬಿದ್ದರು. ಖಾಲಿ ಬಿಡಲು ನಿಯಮವಿರಲಿಲ್ಲ. 'ಇಲ್ಲ' ಎಂದು ಬರೆದರು. ತಮ್ಮನ್ನೇ ಯಾರಾದರೂ ಈ ಪ್ರಶ್ನೆ ಕೇಳಿದರೆ ಏನು ಬರೆಸಬೇಕು ಎಂಬ ಯೋಚನೆ ಬಂತು; ಅದನ್ನು ಅಲ್ಲಿಗೇ ನಿಲ್ಲಿಸಿ ಸಹಿ ಹಾಕಿದರು.

ಮರುದಿನ ನ್ಯಾಯಾಲಯವು ಸ್ವಂತ ಮುಚ್ಚಳಿಕೆಯ ಮೇಲೆ ಜಾಮೀನು ನೀಡಿತು. ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಹಾಕಬೇಕೆಂಬುದು ಷರತ್ತು. ಕಳುವಾದದ್ದು, ಬದಲಿಗೆ ಇಟ್ಟದ್ದು, ಎರಡನ್ನೂ ಬೇರೆ ಬೇರೆ ಕವರಿನಲ್ಲಿಟ್ಟು ಅರಗಿನ ಮೊಹರು ಹಾಕಿ, ಠಾಣೆಯಲ್ಲಿ ಜಪ್ತಿ ವಸ್ತು ಇಡುವ ಮುದ್ದೆಮಾಲು ಕೋಣೆಗೆ ಸೇರಿಸಲಾಯಿತು. ಮಾಲು ಬಿಡಿಸಿಕೊಳ್ಳಲು ಇಫ್ತಿಕಾರ್ ಇನ್ನೂ ಅರ್ಜಿ ಹಾಕಿರಲಿಲ್ಲ. ದೋಷಾರೋಪಣ ಪಟ್ಟಿಯ ಕರಡಿನಲ್ಲಿ ಕಾರಣವನ್ನು ಶಿವಮೂರ್ತಪ್ಪ ಒಂದೇ ಸಾಲಿನಲ್ಲಿ ಬರೆದರು: ಆರೋಪಿಯು ಸದರಿ ಮಾಲನ್ನು ಮಾರುವ ಉದ್ದೇಶ ಹೊಂದಿರಲಿಲ್ಲ.

ಮೊದಲ ಸೋಮವಾರ ನಾಗಕ್ಕ ಹತ್ತು ಗಂಟೆಗೆ ಬಂದಳು. ಸಹಿ ಹಾಕಿದಳು. ಹೋಗಲಿಲ್ಲ, ಮುದ್ದೆಮಾಲು ಕೋಣೆಯ ಎದುರಿನ ಬೆಂಚಿನ ಮೇಲೆ ಕೂತಳು.

"ಕಾಂಚನಮ್ಮ, ಎರಡೂ ಒಂದೇ ಕಡೆ ಅದಾವಾ?"

"ಒಂದೇ ಹಲಗೆ ಮೇಲೆ ಅದಾವೆ ಅಕ್ಕ."

"ಎಡಕ್ಕೆ ಯಾವುದೈತೆ?"

ಕಾಂಚನಾ ಬೀಗ ತೆಗೆದು ಒಳಗೆ ಹೋದಳು. ಹಲಗೆಯ ಮೇಲೆ ಕವರು ಸರಿಸಿದ ಸದ್ದು ಶಿವಮೂರ್ತಪ್ಪನವರ ಮೇಜಿನವರೆಗೂ ಕೇಳಿಸಿತು. ಅವರು ಕಡತದಿಂದ ತಲೆ ಎತ್ತಲಿಲ್ಲ.

"ಎಡಕ್ಕೆ ಉದ್ದಂದು" ಎನ್ನುತ್ತಾ ಕಾಂಚನಾ ಹೊರಗೆ ಬಂದು ಬೀಗ ಹಾಕಿದಳು.

ನಾಗಕ್ಕ ಬೆಂಚಿನ ಬಲತುದಿಗೆ ಸರಿದು ಕೂತಳು.