ನನ್ನ ಹೆಸರಲ್ಲಿ ಅವನ ನಡಿಗೆ

ನನ್ನ ಗಾಲಿಕುರ್ಚಿಯ ಚಕ್ರಕ್ಕೆ ನೂಲು ಸುತ್ತಿಕೊಂಡ ದಿನ ಅವನು ನನ್ನೆದುರು ಮೊಣಕಾಲೂರಿದ. ಬಟ್ಟೆ ಕಾರ್ಖಾನೆಯಲ್ಲಿ ನೂಲಿಗೇನು ಬರ? ಕೈಯಲ್ಲಿ ಪುಟ್ಟ ಕತ್ತರಿ, ಹಣೆಯಲ್ಲಿ ಬೆವರು.

"ಇಷ್ಟು ಬೇಗ ಪ್ರಪೋಸ್ ಮಾಡ್ಬಾರ್ದು," ಎಂದೆ. "ನಾವಿನ್ನೂ ಮಾತೇ ಆಡಿಲ್ಲ."

ಅವನ ಕಿವಿಗಳು ಕೆಂಪಾದವು. "ನಾನು... ದಾರ ಕತ್ತರಿಸ್ತಿದ್ದೆ."

"ಗೊತ್ತು. ಆದ್ರೂ ಚೆನ್ನಾಗಿದೆ, ಮುಂದುವರಿಸಿ."

ಅವನು ಹೊಲಿಗೆ ಪರೀಕ್ಷಿಸುವವನು. ಸಾಲಿನಿಂದ ಸಾಲಿಗೆ ಸುತ್ತುತ್ತಲೇ ಇರುತ್ತಾನೆಂದು ಬುಗುರಿ ಎಂದು ಹೆಸರಿಟ್ಟೆ. ನಾನು ಅಂಗಿಯ ಅಳತೆಗಳನ್ನು ಕಾಗದದಲ್ಲಿ ಬರೆದು ಕತ್ತರಿಸುವವಳು. ನನ್ನ ಮಾತೂ ಹಾಗೇ ಎಂದು ಅವನು ನನ್ನನ್ನು ಕತ್ತರಿ ಎಂದ. ಆಮೇಲೆ ಅವನ ಸುತ್ತು ನನ್ನ ಮೇಜಿನ ಬಳಿಯೇ ಮುಗಿಯತೊಡಗಿತು. ಕಾಲರ್ ತೋರಿಸುವ ನೆಪದಲ್ಲಿ ನನ್ನನ್ನು ನೋಡುವನು. ನಾನು ತಿರುಗಿ ನೋಡಿದರೆ, ಪಾಪ, ಕಾಲರನ್ನೇ ನೋಡುವನು.

"ಆ ಬುಗುರೀನ ಒಂದ್ಸಲ ಮನೆಗೆ ಕರ್ಕೊಂಡ್ ಬಾರೇ," ಎನ್ನುತ್ತಿದ್ದಳು ಅಮ್ಮ. "ನನ್ನ ಹೃದಯ ನಿಲ್ಲೋ ಮುಂಚೆ."

ಅಮ್ಮನದು ತಮಾಷೆಯಲ್ಲ. ಅವಳಿಗೆ ಆಪರೇಷನ್ ಆಗಬೇಕಿತ್ತು.

ಆಗಲೇ ಕಂಪನಿ ಆರೋಗ್ಯದ ಸ್ಪರ್ಧೆ ತಂದಿತು. ಎಲ್ಲರಿಗೂ ಸೊಂಟಕ್ಕೆ ಸಿಕ್ಕಿಸುವ, ಹೆಜ್ಜೆ ಎಣಿಸುವ ಪುಟ್ಟ ಡಬ್ಬಿ. ತಿಂಗಳ ಗುರಿ ಮುಟ್ಟಿದವರ ಅಪ್ಪನಿಗೋ ಅಮ್ಮನಿಗೋ ಕಂಪನಿಯ ವಿಮೆ. ತೋಳು ಬಿದ್ದುಹೋಗುವಂತೆ ಚಕ್ರ ತಳ್ಳಿದರೂ ನನ್ನ ಡಬ್ಬಿ ಮಿಸುಕಲಿಲ್ಲ.

"ಚಕ್ರ ತಳ್ಳೋದನ್ನೂ ಲೆಕ್ಕಕ್ಕೆ ತಗೊಳ್ಳಿ," ಎಂದು ಮ್ಯಾನೇಜರ್ ಮೇಡಂಗೆ ಕೇಳಿದೆ.

"ರೂಲ್ ಎಲ್ಲರಿಗೂ ಒಂದೇ. ಅದೇ ತಾನೆ ಫೇರ್?" ಎಂದು ಅವರು ನಕ್ಕರು. "ಬೇಕಾದ್ರೆ ತಿಂಗಳ ಕೊನೇ ಮೀಟಿಂಗ್‌ನಲ್ಲಿ ಹೇಳಿ."

ಡಬ್ಬಿಯನ್ನು ಡ್ರಾಯರಿಗೆ ಎಸೆದೆ. ಬುಗುರಿ ನೋಡುತ್ತಿದ್ದ.

"ಮೀಟಿಂಗ್‌ನಲ್ಲಿ ನನ್ನ ಪರವಾಗಿ ಎರಡು ಮಾತು ಹೇಳ್ತೀಯಾ?"

"ನಿನಗೋಸ್ಕರ ಏನ್ ಬೇಕಾದ್ರೂ ಮಾಡ್ತೀನಿ," ಎಂದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಾತಾಡುತ್ತೇನೆಂದು ಅವನು ಹೇಳಲಿಲ್ಲವೆಂಬುದು ಆಗ ತಲೆಗೆ ಹೋಗಲಿಲ್ಲ.

ಮೀಟಿಂಗ್‌ನಲ್ಲಿ ಮೇಡಂ ಗೆದ್ದವರ ಹೆಸರು ಓದಿದರು. ಬುಗುರಿಯದಿತ್ತು, ಅವನ ಅಪ್ಪನಿಗೆ ವಿಮೆ. ನಾನೇ ಮೊದಲು ಚಪ್ಪಾಳೆ ತಟ್ಟಿದೆ. ಮುಂದಿನ ಹೆಸರು ನನ್ನದು.

"ಕುರ್ಚಿಲಿ ಕೂತವರು ಗುರಿ ಮುಟ್ಟಿದ್ದಾರೆ!" ಎಂದರು ಮೇಡಂ. "ಎದ್ದು ನಿಂತು ಹೇಳಿ, ಹೇಗೆ ನಡೆದ್ರಿ ಅಂತ. ಓ, ಸಾರಿ."

ಯಾರೋ ಕಿಸಕ್ಕೆಂದರು.

"ನಾನು ನಡೆದಿಲ್ಲ. ಡಬ್ಬಿ ಡ್ರಾಯರಲ್ಲಿತ್ತು."

"ಹಾಗಾದ್ರೆ ಯಾರು ನಡೆದ್ರು? ಮೋಸ ಮಾಡಿದವರಿಗೆ ಇನ್ಮೇಲೆ ವಿಮೆ ಇಲ್ಲ. ನಿಮ್ಮಂಥವರಿಗೆ ರೂಲ್ ಬದಲಾಯಿಸಿದ್ರೆ ಇನ್ನೇನು ಮಾಡ್ತಿದ್ರೋ!"

ನಾನು ತಿರುಗಿದೆ. ಆ ಕಿವಿಗಳು ಕೆಂಪಾಗಿದ್ದವು. ಆಗ ಹೊಳೆಯಿತು: ದಿನಾ ಬೆಳಿಗ್ಗೆ ನನ್ನ ಡ್ರಾಯರಿನಿಂದ ಡಬ್ಬಿ ತೆಗೆದು, ತನ್ನದರ ಜೊತೆ ಸಿಕ್ಕಿಸಿಕೊಂಡು, ಸಂಜೆ ಮರಳಿ ಇಟ್ಟಿದ್ದ. ಈ ತಿಂಗಳು ಕಾಲರ್ ತೋರಿಸುವ ನೆಪದಲ್ಲಿ ಬಂದದ್ದೆಲ್ಲ ಅದಕ್ಕೇ.

ಹೇಳುತ್ತಾನೆ ಎಂದುಕೊಂಡೆ. ಅವನು ತನ್ನ ಬೂಟನ್ನು ನೋಡುತ್ತಿದ್ದ. ನಾನು ಹೆಸರು ಹೇಳಿದ್ದರೆ ಅವನ ಅಪ್ಪನ ವಿಮೆಯೂ ಹೋಗುತ್ತಿತ್ತು. ಕತ್ತರಿ ಎನಿಸಿಕೊಂಡ ನಾನೂ ಸುಮ್ಮನಿದ್ದೆ. ಮೇಡಂ ವಿಮೆಯ ಪಟ್ಟಿಯಿಂದ ನನ್ನ ಅಮ್ಮನ ಹೆಸರು ತೆಗೆಸಿ, ಚಹಾಕ್ಕೆ ಎಲ್ಲರನ್ನೂ ಕರೆದರು.

ಹೊರಬಾಗಿಲ ಬಳಿ ಅವನು ಓಡಿಬಂದು ನನ್ನೆದುರು ಮತ್ತೆ ಮೊಣಕಾಲೂರಿದ. ಈ ಸಲ ಕತ್ತರಿಯಿರಲಿಲ್ಲ, ದಾರವೂ ಇರಲಿಲ್ಲ.

"ಪ್ರೀತಿಗೋಸ್ಕರ ಮಾಡ್ದೆ ಕಣೇ. ನೀನಿಲ್ದೆ ನಂಗೆ ಆಗಲ್ಲ."

ಎಷ್ಟು ದಿನ ಕಾದಿದ್ದ ಮಾತು! ಎದೆ ಹಾಳಾದ್ದು, ಆಗಲೂ ಹಿಗ್ಗಿತು.

"ನಂಗೂ ಆಗಲ್ಲ," ಎಂದೆ. "ಬಾ, ಒಳಗೆ ಹೋಗಿ 'ನಡೆದದ್ದು ನಾನು' ಅಂತ ಹೇಳು. ನಾನು ಪಕ್ಕದಲ್ಲೇ ಇರ್ತೀನಿ."

"ಅಪ್ಪಂದು ಹೋಗುತ್ತಲ್ವಾ..."

"ಅಮ್ಮಂದು ಹೋಯ್ತಲ್ಲ."

ಅವನು ಅತ್ತ. ನನ್ನ ಕೈ ಹಿಡಿದುಕೊಂಡೇ ಅತ್ತ. ಆದರೆ ಬಾಗಿಲ ಕಡೆ ತಿರುಗಲಿಲ್ಲ.

"ಏಳು," ಎಂದೆ. "ಪಕ್ಕಕ್ಕೆ ಸರಿ, ಚಕ್ರಕ್ಕೆ ದಾರಿ ಬಿಡು."

ಸ್ವಲ್ಪ ಹೊತ್ತಾದರೂ ಹಟ ಮಾಡುತ್ತಾನೆ ಅಂದುಕೊಂಡಿದ್ದೆ. ಅವನು ತಕ್ಷಣ ಸರಿದ.