ಅಮ್ಮನ ಕಡೆಯಿಂದ ಬಂದದ್ದು

“ನಿಮ್ಮನ್ನ ಯಾರು ಒಳಗೆ ಬನ್ನಿ ಅಂದ್ರು?”

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಗಂಡನನ್ನು ಕಂಡದ್ದೇ ತಡ, ಅವಳು ಸಿಡುಕಿದಳು. ಬೇರೆಯಾದ ಮೇಲೆ ಅವನು ಇಷ್ಟು ಹತ್ತಿರ ಬಂದು ನಿಂತದ್ದು ಇದೇ ಮೊದಲು. ಪ್ರಿಂಟಿಂಗ್ ಪ್ರೆಸ್ಸಿನಿಂದ ನೇರ ಬಂದಿರಬೇಕು, ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಮಸಿ.

“ನಾನಲ್ಲ... ಇವಳೇ ಎಳ್ಕೊಂಡು ಬಂದ್ಲು,” ಎಂದ ತಗ್ಗಿದ ದನಿಯಲ್ಲಿ.

ಎರಡು ವರ್ಷದ ಮಗಳು ಗುಬ್ಬಿ ಅಪ್ಪನ ಬೆರಳು ಬಿಟ್ಟಿರಲಿಲ್ಲ. ದೊಡ್ಡವರ ಮುನಿಸು ಅದಕ್ಕೇನು ಗೊತ್ತು?

ದೊಡ್ಡ ಮಗಳು ಕಿಡ್ನಿ ಕ್ಯಾನ್ಸರಿನಿಂದ ತೀರಿಕೊಂಡಾಗ ಗುಬ್ಬಿ ಇನ್ನೂ ತೊಟ್ಟಿಲ ಕೂಸು. ಆಮೇಲೆ ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಮೆಲ್ಲಗೆ ಹೇಳಿದ್ದರು:

“ಒಂದು ಜೀನಿನಲ್ಲಿ ಸಣ್ಣ ವ್ಯತ್ಯಾಸ ಇದೆ. ಅಮ್ಮನ ಕಡೆಯಿಂದ ಬಂದಿದೆ. ಇದ್ದೋರಿಗೆಲ್ಲ ಕಾಯಿಲೆ ಬರಲ್ಲ, ನಿಮಗೆ ಬರ್ಲಿಲ್ವಲ್ಲ? ಆದ್ರೆ ಚಿಕ್ಕವಳಿಗೂ ಇದೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡ್ತಾ ಇರ್ಬೇಕು.”

ಮಾತು ಮುಗಿಯುವ ಮುನ್ನವೇ ಗಂಡ ಎದ್ದು ಹೊರಗೆ ಹೋಗಿಬಿಟ್ಟಿದ್ದ. ಮನೆಗೆ ಬಂದವನು ಅವಳ ಮುಖ ನೋಡಲಿಲ್ಲ... ಹೊದಿಕೆ ಎತ್ತಿಕೊಂಡು ಹಜಾರದಲ್ಲಿ ಮಲಗಿದ.

‘ಮಗಳನ್ನ ನಾನೇ ಕೊಂದೆ ಅಂತ ತಾನೇ ಇವರ ಮನಸ್ಸಲ್ಲಿ?’

ಗಾಯದ ಮೇಲೆ ಬರೆ ಎಳೆದಂತಾಗಿ, ಅವಳು ಗುಬ್ಬಿಯನ್ನು ಕಟ್ಟಿಕೊಂಡು ಅಕ್ಕನ ಮನೆ ಸೇರಿದ್ದಳು. ಸ್ಕ್ಯಾನ್ ಇದ್ದಾಗಲೆಲ್ಲ ಅವನು ತಪ್ಪದೆ ಬರುತ್ತಿದ್ದ. ಹೊರಗಿನ ಬೆಂಚಿನ ತುದಿಯಲ್ಲಿ ಮೂಕನಂತೆ ಕೂತು ಹೋಗುತ್ತಿದ್ದ.

ಹೊಟ್ಟೆಗೆ ಜೆಲ್ ಹಚ್ಚಿದಾಗ ಗುಬ್ಬಿ ಕಿಲಕಿಲ ನಕ್ಕಳು. “ತಣ್ಣಗೆ! ಅಪ್ಪಂಗೂ ಹಚ್ಚು!”

ಡಾಕ್ಟರಮ್ಮನೂ ನಕ್ಕರು. ಪರದೆ ನೋಡುತ್ತ ನೋಡುತ್ತ ಆ ನಗು ಇಂಗಿಹೋಯಿತು. ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಕೈಯಾಡಿಸಿದರು. ಆಮೇಲೆ ಇನ್ನೊಂದು ಪಕ್ಕ...

“ಡಾಕ್ಟ್ರೇ?”

“ಎರಡೂ ಕಿಡ್ನೀಲಿ ಗಡ್ಡೆ ಕಾಣ್ತಿದೆ ಅಮ್ಮ. ಚಿಕ್ಕವು, ಬೇಗ ಸಿಕ್ಕಿವೆ. ಮೊದಲು ಕೀಮೋ, ಆಮೇಲೆ ಆಪರೇಷನ್. ಕಿಡ್ನೀನ ಎಷ್ಟು ಉಳಿಸ್ಕೋಬಹುದೋ ಉಳಿಸ್ಕೊಳ್ಳೋಣ. ಮಾತು ಕೊಡೋಕೆ ಮಾತ್ರ ಆಗಲ್ಲ.”

ಹೊರಗೆ ಬಂದು ಕಾರಿಡಾರಿನ ಗೋಡೆಗೆ ಒರಗಿದವಳು ಹಾಗೇ ನೆಲದ ಮೇಲೆ ಕೂತಳು.

“ಬೈಯ್ರಿ! ಈಗಲಾದ್ರೂ ಬಾಯಿಬಿಟ್ಟು ಬೈಯ್ರಿ... ನನ್ನ ಒಡಲೇ ವಿಷ ಅನ್ನಿ!”

ಅಷ್ಟರಲ್ಲಾಗಲೇ ನಿದ್ದೆ ಹೋಗಿದ್ದ ಗುಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಅವನೂ ನೆಲದ ಮೇಲೆ ಕೂತ.

“ಅವತ್ತು ಎದ್ದು ಹೋದೆನಲ್ಲ... ಅಮ್ಮನ ಕಡೆಯಿಂದ ಅಂದಾಗ, ‘ಅಬ್ಬಾ, ನನ್ನಿಂದ ಅಲ್ಲ’ ಅನ್ನಿಸ್ತು ಕಣೇ. ಒಂದು ಕ್ಷಣ ಎದೆ ಹಗುರ ಆಯ್ತು! ಮಗಳು ಸತ್ತಿದ್ದಾಳೆ, ನೀನು ಪಕ್ಕದಲ್ಲಿ ಬೇಯ್ತಿದ್ದೀಯ... ನನಗೆ ಹಗುರ! ಯಾವ ಮುಖ ಹೊತ್ಕೊಂಡು ನಿನ್ನ ನೋಡ್ಲಿ?”

ಅವನ ಕೆನ್ನೆಗೆ ಬಾರಿಸಬೇಕೆನಿಸಿತು ಅವಳಿಗೆ. ಕೈ ಏಳಲಿಲ್ಲ. ಯಾರಿಗೂ ಹೇಳದೆ ನುಂಗಿಕೊಂಡದ್ದು ಅವಳೊಳಗೂ ಇತ್ತಲ್ಲ!

“ನಿಮ್ಮಿಂದ ಬಂದಿರ್ಲಿ ಅಂತ... ನಾನೂ ಬೇಡ್ಕೊಂಡಿದ್ದೆ ರೀ.”

ಅವನು ತಲೆ ಎತ್ತಿ ನೋಡಿದ. ಇಬ್ಬರ ಕಣ್ಣೀರ ಕಟ್ಟೆಯೂ ಒಡೆಯಿತು.

“ಇವಳೂ ಹೋಗ್ಬಿಟ್ರೆ?” ಎಂದಳು ಬಿಕ್ಕುತ್ತಾ.

“ಗೊತ್ತಿಲ್ಲ. ನಂಗೂ ಭಯ ಕಣೇ... ಒಬ್ಬನೇ ಇದ್ದು ಇದ್ದು ಇನ್ನೂ ಭಯ.”

ಅವಳು ಸೆರಗಿನಿಂದ ಅವನ ಕಣ್ಣೊರೆಸಿದಳು. “ಭುಜ ನೋಯ್ತಿರ್ಬೇಕು. ಇವಳನ್ನ ಇಲ್ಲಿ ಕೊಡಿ.”

“ಬೇಡ, ಎದ್ಬಿಡ್ತಾಳೆ. ನೀನೇ ಇನ್ನೊಂಚೂರು ಹತ್ರ ಬಾ...”